ಅಡಿಕೆ ತಕ್ಕಡಿ, ತಂಗೂಸು ನೂಲು ಮತ್ತು ಒಂದು ರೇಸ್ ಕಾರಿನ ಸಸ್ಪೆನ್ಷನ್

ಸಸ್ಪೆನ್ಷನ್ ಅಂದ ಕೂಡಲೇ ಎಲ್ಲರ ಕಣ್ಣು ಸ್ಪ್ರಿಂಗ್ ಕಡೆಗೆ ಹೋಗುತ್ತದೆ. ನಮ್ಮ ವರ್ಕ್‌ಶಾಪಿಗೆ ಬಂದವರೆಲ್ಲ ಕಾರಿನ ಮೂತಿ ಒತ್ತಿ ನೋಡುತ್ತಾರೆ. "ಇದೇನು ಮಾರಾಯ, ಕಲ್ಲಿನ ಹಾಗೆ ಉಂಟಲ್ಲ" ಅನ್ನುತ್ತಾರೆ. ಸ್ಟೂಡೆಂಟ್ ಫಾರ್ಮುಲಾ ಕಾರಿನಲ್ಲಿ, ಅಂದರೆ ವಿದ್ಯಾರ್ಥಿಗಳೇ ಕಟ್ಟಿ ಸ್ಪರ್ಧೆಗೆ ಇಳಿಸುವ ಪುಟ್ಟ ರೇಸ್ ಕಾರಿನಲ್ಲಿ, ಸ್ಪ್ರಿಂಗ್ ಕೊನೆಗೆ ಬರುವ ವಿಷಯ. ಮೊದಲು ಟೈರ್. ಆಮೇಲೆ ಟೈರನ್ನು ಸರಿಯಾದ ಕೋನದಲ್ಲಿ ಹಿಡಿದಿಡುವ ವಿಶ್‌ಬೋನ್‌ಗಳು, ಅಂದರೆ ಚಕ್ರವನ್ನು ಕಾರಿನ ಚೌಕಟ್ಟಿಗೆ ಜೋಡಿಸುವ ಕವಲು ತೋಳುಗಳು. ಆಮೇಲೆ ಅವು ಬಾಗದೆ, ಅಲುಗಾಡದೆ ಇರುವಂತೆ ಮಾಡುವ ಬ್ರಾಕೆಟ್, ಬೋಲ್ಟ್, ಬೇರಿಂಗ್. ಇಷ್ಟೆಲ್ಲ ಆದ ಮೇಲೆ ಸ್ಪ್ರಿಂಗ್.

ಇದು ಕಾಸರಗೋಡಿನ ಒಂದು ಇಂಜಿನಿಯರಿಂಗ್ ಕಾಲೇಜಿನ ತಂಡದ ಕೆಲಸದ ಟಿಪ್ಪಣಿ. ನಾನು ಬದಿಯಡ್ಕ ಕಡೆಯವನು, ತಂಡದಲ್ಲಿ ಸಸ್ಪೆನ್ಷನ್ ನೋಡಿಕೊಳ್ಳುತ್ತೇನೆ. ಮಲಯಾಳ, ತುಳು, ಕನ್ನಡ ಮೂರೂ ಓಡುವ ತಂಡ. ಜಗಳ ಜೋರಾದರೆ ಮಾತ್ರ ಇಂಗ್ಲಿಷ್. ಕಾರು ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುವ ಫಾರ್ಮುಲಾ ಭಾರತ್ ಸ್ಪರ್ಧೆಗೆ ಹೋಗಬೇಕು. ಇಂಜಿನ್ ಹಳೆಯ ಮಾದರಿಯ ಕೆಟಿಎಂ 390 ಡ್ಯೂಕ್‌ ಬೈಕಿನ 373 ಸಿಸಿ ಸಿಂಗಲ್. ತಂಡಕ್ಕೆ ಇದು ಮೊದಲ ಕಾರು. ದುಡ್ಡು ಎಷ್ಟು ಅಂತ ಕೇಳಬೇಡಿ.

ಶುರುವಿನಲ್ಲೇ ಒಂದು ಕಟ್ಟು ಹಾಕಿಕೊಂಡೆವು. ನಮ್ಮ ವರ್ಕ್‌ಶಾಪಿನಲ್ಲಿ ಅಳೆದು ನೋಡಲು ಆಗದ ಸಂಖ್ಯೆಯನ್ನು ಡ್ರಾಯಿಂಗ್‌ನಲ್ಲಿ ಬರೆಯಬಾರದು. ಸಾಫ್ಟ್‌ವೇರ್ ನಾಲ್ಕು ದಶಾಂಶದವರೆಗೆ ಉತ್ತರ ಕೊಡುತ್ತದೆ. ನಮ್ಮ ವೆಲ್ಡರ್ ಕೊಡುವುದು ಹೆಚ್ಚೆಂದರೆ ಅರ್ಧ ಮಿಲಿಮೀಟರ್. ಈ ಎರಡರ ನಡುವಿನ ಅಂತರದಲ್ಲೇ ಹೊಸ ತಂಡಗಳ ಸಮಯ ಹಾಳಾಗುವುದು ಅಂತ ನನ್ನ ಅಂದಾಜು.

ನಿಯಮದಿಂದ ಹೊರಟದ್ದು

ನಿಯಮ ಪುಸ್ತಕ ಪ್ರತಿ ವರ್ಷ ಅಲ್ಪ ಸ್ವಲ್ಪ ಬದಲಾಗುತ್ತದೆ. ಹಾಗಾಗಿ ಆ ವರ್ಷದ್ದನ್ನೇ ಓದಬೇಕು. ಸಸ್ಪೆನ್ಷನ್‌ನವರಿಗೆ ಮುಖ್ಯವಾದದ್ದು ಸ್ವಲ್ಪವೇ. ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ) 1525 ಮಿಮೀಗಿಂತ ಕಮ್ಮಿ ಇರಬಾರದು. ಮುಂದಿನ ಮತ್ತು ಹಿಂದಿನ ಟ್ರ್ಯಾಕ್‌ಗಳಲ್ಲಿ (ಎಡ ಬಲ ಚಕ್ರಗಳ ನಡುವಿನ ಅಗಲ) ಚಿಕ್ಕದು ದೊಡ್ಡದರ 75 ಶೇಕಡಾಕ್ಕಿಂತ ಕಮ್ಮಿ ಆಗಬಾರದು. ಚಕ್ರ ಒಟ್ಟು 50 ಮಿಮೀ ಆದರೂ ಮೇಲೆ ಕೆಳಗೆ ಹೋಗಬೇಕು. ಅದರಲ್ಲಿ ಡ್ರೈವರ್ ಕೂತ ಮೇಲೂ 25 ಮಿಮೀ ಮೇಲಕ್ಕೆ ಉಳಿದಿರಬೇಕು. ಸ್ಟಿಯರಿಂಗ್ ವೀಲ್‌ನಲ್ಲಿ ಸಡಿಲ ಒಟ್ಟು 7 ಡಿಗ್ರಿ ದಾಟಬಾರದು. ಕಾರನ್ನು 60 ಡಿಗ್ರಿ ವಾಲಿಸಿದಾಗ ಮಗುಚಬಾರದು.

ಈ ಕೊನೆಯದನ್ನು ತುಂಬ ತಂಡದವರು ಪರೀಕ್ಷೆಯ ದಿನದ ತಲೆಬಿಸಿ ಅಂತ ಬಿಡುತ್ತಾರೆ. ಆದರೆ ಡ್ರಾಯಿಂಗ್‌ನ ಮೊದಲ ಗೆರೆಗೆ ಅದೇ ಆಧಾರ. ನಮ್ಮ ಮುಂದಿನ ಟ್ರ್ಯಾಕ್ 1200, ಹಿಂದಿನದು 1150, ವೀಲ್‌ಬೇಸ್ 1550 ಮಿಮೀ. ಟ್ರ್ಯಾಕಿನ ಸರಾಸರಿ ಅರ್ಧ 587 ಚಿಲ್ಲರೆ. ಅದನ್ನು 60 ಡಿಗ್ರಿಯ ಟ್ಯಾನ್, ಅಂದರೆ 1.732 ರಿಂದ ಭಾಗಿಸಿದರೆ 339 ಮಿಮೀ. ಕಾರಿನ ಭಾರಕೇಂದ್ರ ಇದಕ್ಕಿಂತ ಎತ್ತರ ಹೋದರೆ ಮನೆಗೆ ಹೋಗಬಹುದು. ನಾವು 300 ಅಂತ ಗುರಿ ಇಟ್ಟೆವು.

ಹಿಂದೆ ಟ್ರ್ಯಾಕ್ ಸ್ವಲ್ಪ ಕಮ್ಮಿ ಇಟ್ಟದ್ದಕ್ಕೆ ಕಾರಣ ಓಟದ ದಾರಿ ಗುರುತಿಸುವ ಕೋನ್‌ಗಳು. ಬಿಗಿ ತಿರುವಿನಲ್ಲಿ ಹಿಂದಿನ ಒಳಚಕ್ರ ಮುಂದಿನದಕ್ಕಿಂತ ಒಳಗಡೆ ಹಾಯುತ್ತದೆ, ಕೋನ್ ಒದೆಯುತ್ತದೆ.

ವೇಗದ ಬಗ್ಗೆಯೂ ಒಂದು ಲೆಕ್ಕ ತಲೆಯಲ್ಲಿ ಇರಬೇಕು. ಸ್ಕಿಡ್‌ಪ್ಯಾಡ್ ಅನ್ನುವ, ವೃತ್ತದಲ್ಲಿ ಸುತ್ತುವ ಪರೀಕ್ಷೆಯ ಒಳವೃತ್ತದ ವ್ಯಾಸ 15.25 ಮೀಟರ್, ಹೊರವೃತ್ತ 21.25. ನಡುವಿನ ಗೆರೆ ಹಿಡಿದು 1.4 ಜಿ (ಗುರುತ್ವದ 1.4 ಪಟ್ಟು) ಅಡ್ಡ ವೇಗೋತ್ಕರ್ಷದಲ್ಲಿ ಸುತ್ತಿದರೆ ಒಂದು ಸುತ್ತಿಗೆ ಸುಮಾರು 5.1 ಸೆಕೆಂಡ್. ವೇಗ ಗಂಟೆಗೆ 40 ಕಿಮೀ. ಕಾಸರಗೋಡಿನ ಪ್ರೈವೇಟ್ ಬಸ್ಸಿನವರು ಇದನ್ನು ಕೇಳಿದರೆ ನಗುತ್ತಾರೆ. ಆದರೆ ಅಷ್ಟು ಚಿಕ್ಕ ವೃತ್ತದಲ್ಲಿ 40 ಅಂದರೆ ಕುತ್ತಿಗೆ ನೋವು ಬರುವಷ್ಟು. ಇಲ್ಲಿ ಗೆಲ್ಲಿಸುವುದು ಟೈರ್, ವಿಂಗ್ ಅಲ್ಲ.

ಟೈರ್

10 ಇಂಚಿನ ರಿಮ್, 18 ಇಂಚು ಎತ್ತರದ ಸ್ಲಿಕ್ (ಗೀರಿಲ್ಲದ ನುಣುಪು ಟೈರ್) ಅಂತ ತೀರ್ಮಾನ ಆಯಿತು. 13 ಇಂಚಿನ ರಿಮ್ ತೆಗೆದುಕೊಂಡರೆ ಒಳಗೆ ಬ್ರೇಕಿನ ಡಿಸ್ಕ್, ಕ್ಯಾಲಿಪರ್, ಚಕ್ರವನ್ನು ವಿಶ್‌ಬೋನ್‌ಗಳಿಗೆ ಜೋಡಿಸುವ ಅಪ್‌ರೈಟ್ ಎಲ್ಲ ಆರಾಮವಾಗಿ ಕೂರುತ್ತದೆ. 10 ಇಂಚಿನಲ್ಲಿ ಬೆರಳು ಹಾಕಲೂ ಜಾಗ ಇಲ್ಲ. ಆದರೆ ಚಕ್ರದ ತೂಕ ಇಳಿಯುತ್ತದೆ, ಕಾರು ತಗ್ಗುತ್ತದೆ. ಬೈಕಂಪಾಡಿಯಲ್ಲಿ ಅಪ್‌ರೈಟ್ ಮಿಲ್ಲಿಂಗ್ ಮಾಡಿಕೊಟ್ಟವರು ಡ್ರಾಯಿಂಗ್ ನೋಡಿ, "ಇದರಲ್ಲಿ ಸ್ಪ್ಯಾನರ್ ತಿರುಗಿಸುವುದು ಯಾರು?" ಅಂತ ಕೇಳಿದರು. ಒಳ್ಳೆಯ ಪ್ರಶ್ನೆ. ಎರಡು ಬೋಲ್ಟುಗಳ ದಿಕ್ಕು ಅಲ್ಲಿಯೇ ನಿಂತು ಬದಲಾಯಿಸಿದೆವು.

ಟೈರಿನ ಅಂಕಿಅಂಶ ಎಲ್ಲಿಂದ? ಅಮೆರಿಕದ ಬಫಲೋದ ಕ್ಯಾಲ್ಸ್‌ಪ್ಯಾನ್ ಪ್ರಯೋಗಾಲಯದಲ್ಲಿ ಸ್ಟೂಡೆಂಟ್ ಕಾರುಗಳ ಟೈರ್ ಪರೀಕ್ಷೆ ಮಾಡಿಸುವ ಟೈರ್ ಟೆಸ್ಟ್ ಕನ್ಸಾರ್ಟಿಯಂ ಇದೆ. ಕಾಲೇಜು ಒಂದು ಸಲ ಫೀಸು ಕಟ್ಟಿ ಸದಸ್ಯ ಆದರೆ ಡೇಟಾ ಸಿಗುತ್ತದೆ. ಹೊರಗೆ ಹಂಚುವ ಹಾಗಿಲ್ಲ. ಹಾಗಾಗಿ ಗ್ರಾಫ್ ಇಲ್ಲಿ ಹಾಕುವುದಿಲ್ಲ. ಅದರಿಂದ ಕಲಿಯಬೇಕಾದ ದೊಡ್ಡ ಮಾತು ಯಾವ ಟೈರಿಗೂ ಒಂದೇ. ಭಾರ ಇಮ್ಮಡಿ ಆದರೆ ಹಿಡಿತ ಇಮ್ಮಡಿ ಆಗುವುದಿಲ್ಲ. ಇಮ್ಮಡಿಗಿಂತ ಸ್ವಲ್ಪ ಕಮ್ಮಿಯೇ ಆಗುತ್ತದೆ.

ಇದನ್ನು ನಮ್ಮ ಕಾರಿಗೆ ಹಾಕಿ ನೋಡಿ. ಡ್ರೈವರ್ ಸೇರಿ 300 ಕೆಜಿ. ಭಾರಕೇಂದ್ರ 300 ಮಿಮೀ. 1.4 ಜಿ ತಿರುವಿನಲ್ಲಿ ಒಳಚಕ್ರಗಳಿಂದ ಹೊರಚಕ್ರಗಳಿಗೆ ಹೋಗುವ ಭಾರ ಸುಮಾರು 107 ಕೆಜಿ. ಒಳಗಿನ ಎರಡು ಚಕ್ರಗಳಲ್ಲಿ ಇದ್ದದ್ದೇ 150. ಸ್ಪ್ರಿಂಗ್ ಮೃದು ಮಾಡಲಿ, ಗಟ್ಟಿ ಮಾಡಲಿ, ಈ 107 ಬದಲಾಗುವುದಿಲ್ಲ. ಎತ್ತರ ಮತ್ತು ಅಗಲ ಮಾತ್ರ ಅದನ್ನು ಬದಲಾಯಿಸುವುದು. ಸ್ಪ್ರಿಂಗ್ ಮತ್ತು ಕಾರು ಮಗ್ಗುಲಿಗೆ ವಾಲುವುದನ್ನು ತಡೆಯುವ ಆಂಟಿ-ರೋಲ್ ಬಾರ್ ಮಾಡುವ ಕೆಲಸ ಆ 107 ರಲ್ಲಿ ಮುಂದೆ ಎಷ್ಟು, ಹಿಂದೆ ಎಷ್ಟು ಅಂತ ಪಾಲು ಮಾಡುವುದು. ಮುಂದಿನ ಪಾಲು ಜಾಸ್ತಿ ಆದರೆ ಕಾರು ತಿರುಗಲು ಒಪ್ಪುವುದಿಲ್ಲ. ಹಿಂದಿನ ಪಾಲು ಜಾಸ್ತಿ ಆದರೆ ಬಾಲ ಬೀಸುತ್ತದೆ.

ಪ್ಲೈವುಡ್ ಮೇಲೆ ರಟ್ಟಿನ ವಿಶ್‌ಬೋನ್

ಕಂಪ್ಯೂಟರ್ ಮುಟ್ಟುವ ಮೊದಲು ಒಂದು ಪ್ಲೈವುಡ್ ಹಲಗೆ ತಂದೆವು. ಕಾರಿನ ಮುಂಭಾಗದ ಅರ್ಧವನ್ನು ನಿಜ ಅಳತೆಯಲ್ಲೇ ಅದರ ಮೇಲೆ ಎಳೆದೆವು. ನೆಲದ ಗೆರೆ, ನಡುಗೆರೆ, ಟೈರ್. ವಿಶ್‌ಬೋನ್‌ಗಳನ್ನು ಗಟ್ಟಿ ರಟ್ಟಿನಲ್ಲಿ ಕತ್ತರಿಸಿ ಮೊಳೆ ಹೊಡೆದು ನಿಲ್ಲಿಸಿದೆವು. ಅಪ್‌ರೈಟ್ ಕೂಡ ರಟ್ಟು. ಈಗ ಚಕ್ರವನ್ನು ಕೈಯಲ್ಲಿ 25 ಮಿಮೀ ಎತ್ತಿ, ಎಷ್ಟು ವಾಲಿತು ಅಂತ ಕೋನಮಾಪಕ ಇಟ್ಟು ನೋಡಬಹುದು. ಸಾಲದಿದ್ದರೆ ಮೊಳೆ ಕಿತ್ತು 10 ಮಿಮೀ ಕೆಳಗೆ ಹೊಡೆದರಾಯಿತು. ಎರಡನೇ ವರ್ಷದ ಹುಡುಗರಿಗೆ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ವಾಲಿರುವ ಕೋನ) ಗೇನ್, ಅಂದರೆ ಚಕ್ರ ಏರಿದಾಗ ಅದು ಎಷ್ಟು ಬದಲಾಗುತ್ತದೆ ಅನ್ನುವುದು, ಏನು ಅಂತ ಬಾಯಲ್ಲಿ ಎಷ್ಟು ಹೇಳಿದರೂ ತಲೆಗೆ ಹೋಗದ್ದು ಇಲ್ಲಿ ಒಂದೇ ಎಳೆತಕ್ಕೆ ಹೋಯಿತು.

ಮೇಲಿನ ವಿಶ್‌ಬೋನ್ ಗಿಡ್ಡ, ಕೆಳಗಿನದು ಉದ್ದ. ಎರಡರ ಗೆರೆಯನ್ನು ಕಾರಿನ ಒಳಗಡೆಗೆ ಮುಂದುವರಿಸಿದರೆ ಒಂದು ಕಡೆ ಸೇರುತ್ತವೆ. ಆ ಜಾಗಕ್ಕೆ ಟೈರಿನಿಂದ ಇರುವ ದೂರವೇ ಸ್ವಿಂಗ್ ಆರ್ಮ್ ಉದ್ದ. ನಮ್ಮದು ಸುಮಾರು 1500 ಮಿಮೀ. ಅಂದರೆ 25 ಮಿಮೀ ಮೇಲೆದ್ದಾಗ ಚಕ್ರ ಸುಮಾರು 0.95 ಡಿಗ್ರಿ ಒಳಕ್ಕೆ ವಾಲುತ್ತದೆ. ಕಾರು ತಿರುವಿನಲ್ಲಿ 1.5 ಡಿಗ್ರಿ ಮಗ್ಗುಲಿಗೆ ವಾಲಿದರೆ ಹೊರಚಕ್ರ 15.7 ಮಿಮೀ ಮೇಲೆ ಬರುತ್ತದೆ. ಅದರಿಂದ ಸಿಗುವ ಕ್ಯಾಂಬರ್ 0.6 ಡಿಗ್ರಿ. ಕಾರು ವಾಲಿದ್ದರಿಂದ ಹೋದದ್ದು 1.5. ನಿಂತಾಗ ಮೈನಸ್ 1.5 ಇಟ್ಟಿದ್ದರೆ ತಿರುವಿನಲ್ಲಿ ಮೈನಸ್ 0.6 ಉಳಿಯುತ್ತದೆ. ಟೈರಿಗೆ ಅದು ಸಾಕು.

ಸ್ವಿಂಗ್ ಆರ್ಮ್ ಇನ್ನೂ ಗಿಡ್ಡ ಮಾಡಿದರೆ ತಿರುವಿನಲ್ಲಿ ಚಂದ. ಆದರೆ ಬ್ರೇಕ್ ಹೊಡೆದು ಮೂತಿ ತಗ್ಗಿದಾಗ ಎರಡೂ ಟೈರುಗಳು ಅನಾವಶ್ಯಕವಾಗಿ ವಾಲುತ್ತವೆ. ಕಾರು ಮಗ್ಗುಲಿಗೆ ವಾಲುವ ಕೇಂದ್ರವಾದ ರೋಲ್ ಸೆಂಟರ್ ಕೂಡ ಹೆಚ್ಚು ಅಲೆದಾಡುತ್ತದೆ. ನಮ್ಮದು ನೆಲದಿಂದ 30 ಮಿಮೀ ಮೇಲೆ. 30 ಇರಲಿ 40 ಇರಲಿ, ಮೊದಲ ಕಾರಿಗೆ ಅದರಿಂದ ಲ್ಯಾಪ್ ಟೈಮ್ ಬದಲಾಗುವುದನ್ನು ಯಾರೂ ತೋರಿಸಲಾರರು. ಅದಕ್ಕಾಗಿ ರಾತ್ರಿ ನಿದ್ದೆ ಬಿಡುವ ತಂಡಗಳನ್ನು ಕಂಡಾಗ ಪಾಪ ಅನಿಸುತ್ತದೆ.

ಆಂಟಿ-ಡೈವ್ (ಬ್ರೇಕ್ ಹೊಡೆದಾಗ ಮೂತಿ ತಗ್ಗದಂತೆ ಪಿವಟ್‌ಗಳನ್ನು ಓರೆ ಇಡುವುದು) ಸೊನ್ನೆ. ಒಳಗಿನ ಪಿವಟ್‌ಗಳೆಲ್ಲ ನೆಲಕ್ಕೂ ಕಾರಿನ ನಡುಗೆರೆಗೂ ಸಮಾನಾಂತರ. ಇದು ಸೋಮಾರಿತನ ಅಲ್ಲ. ಹೀಗೆ ಇಟ್ಟರೆ ಛಾಸಿಸ್‌ನ ಬ್ರಾಕೆಟ್‌ಗಳನ್ನು ಒಂದೇ ಉದ್ದ ಸರಳು ತೂರಿಸಿ ವೆಲ್ಡ್ ಮಾಡಬಹುದು. ಸರಳು ಸಲೀಸಾಗಿ ಹೊರಗೆ ಬಂದರೆ ಬ್ರಾಕೆಟ್ ಸಾಲು ಸರಿ ಅಂತ ಅರ್ಥ. ಬೇರೆ ಗೇಜ್ ಬೇಡ. ಕ್ಯಾಸ್ಟರ್, ಅಂದರೆ ಬದಿಯಿಂದ ನೋಡಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ, 5 ಡಿಗ್ರಿ. ಅದರಿಂದ ನೆಲದಲ್ಲಿ ಸುಮಾರು 20 ಮಿಮೀ ಟ್ರೇಲ್ (ಆ ಅಕ್ಷ ನೆಲ ಮುಟ್ಟುವ ಜಾಗಕ್ಕಿಂತ ಟೈರ್ ಹಿಂದಿರುವ ದೂರ) ಸಿಗುತ್ತದೆ, ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುತ್ತದೆ. ಜಾಸ್ತಿ ಇಟ್ಟರೆ ಡ್ರೈವರ್‌ನ ಭುಜ ಬಯ್ಯುತ್ತದೆ.

ಸ್ಪ್ರಿಂಗ್, ಕೊನೆಗೂ

ಮುಂದಿನ ಒಂದು ಮೂಲೆಯಲ್ಲಿ 69 ಕೆಜಿ. ಚಕ್ರ, ಹಬ್, ಅಪ್‌ರೈಟ್ 11 ಕೆಜಿ ಕಳೆದರೆ ಸ್ಪ್ರಿಂಗ್ ಹೊರುವುದು 58. ನಮಗೆ ಬೇಕಾದ ಕಂಪನ 2.6 ಹರ್ಟ್ಸ್, ಅಂದರೆ ಸೆಕೆಂಡಿಗೆ 2.6 ಸಲ. ರಸ್ತೆ ಕಾರುಗಳಲ್ಲಿ ಇದು ಒಂದು, ಒಂದೂವರೆ ಇರುತ್ತದೆ. ಲೆಕ್ಕ ಹಾಕಿದರೆ ಚಕ್ರದ ಹತ್ತಿರ ಮಿಲಿಮೀಟರಿಗೆ 15.5 ನ್ಯೂಟನ್ ಬೇಕು. ಚಕ್ರದ ಚಲನೆಯನ್ನು ಸ್ಪ್ರಿಂಗ್‌ಗೆ ತಲುಪಿಸುವ ರಾಕರ್‌ನ ಅನುಪಾತ 0.75. ಅಂದರೆ ಚಕ್ರ 10 ಮಿಮೀ ಎದ್ದರೆ ಸ್ಪ್ರಿಂಗ್ ಕೂರುವ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) 7.5 ಮಿಮೀ ಕುಗ್ಗುತ್ತದೆ. ಇಲ್ಲಿ ಅನುಪಾತದ ವರ್ಗದಿಂದ ಭಾಗಿಸಬೇಕು, ಬರೀ ಅನುಪಾತದಿಂದ ಅಲ್ಲ. ಬಲವೂ ಬದಲಾಗುತ್ತದೆ, ದೂರವೂ ಬದಲಾಗುತ್ತದೆ, ಅದಕ್ಕೆ. ಸ್ಪ್ರಿಂಗ್‌ಗೆ 27.5 ನ್ಯೂಟನ್ ಬಂತು.

ಹಣ ಇದ್ದ ತಂಡಗಳು ಓಲಿನ್ಸ್ ಟಿಟಿಎಕ್ಸ್25 ಹಾಕುತ್ತವೆ. ನಾವು ಮೌಂಟನ್ ಬೈಕಿನ ಡ್ಯಾಂಪರ್ ಹಾಕಿದೆವು. 200 ಮಿಮೀ ಉದ್ದ, 57 ಮಿಮೀ ಓಟ. ಡ್ರೈವರ್ ಕೂತಾಗ ಅದು ಹೆಚ್ಚುಕಮ್ಮಿ ಅರ್ಧಕ್ಕೆ ಕುಗ್ಗಿ ನಿಲ್ಲುತ್ತದೆ. ಚಕ್ರಕ್ಕೆ ಮೇಲೆ ಕೆಳಗೆ ಎರಡೂ ಕಡೆ 38 ಮಿಮೀ ಹತ್ತಿರ ಸಿಗುತ್ತದೆ. ನಿಯಮಕ್ಕೆ ಬೇಕಾದದ್ದಕ್ಕಿಂತ ಜಾಸ್ತಿ.

ಬೈಕ್ ಸ್ಪ್ರಿಂಗ್‌ಗಳ ಮೇಲೆ ಪೌಂಡಿನಲ್ಲಿ ಬರೆದಿರುತ್ತದೆ. ಇಂಚಿಗೆ 150 ಪೌಂಡ್ ಅಂದರೆ ಮಿಲಿಮೀಟರಿಗೆ 26.3 ನ್ಯೂಟನ್. ಬರೆದದ್ದನ್ನು ನಂಬುವ ಹಾಗಿಲ್ಲ. ಡ್ರಿಲ್ಲಿಂಗ್ ಮೆಷಿನ್ನಿನ ಮೇಜಿನ ಮೇಲೆ ತೂಕದ ಯಂತ್ರ ಇಟ್ಟು, ಅದರ ಮೇಲೆ ಸ್ಪ್ರಿಂಗ್ ನಿಲ್ಲಿಸಿ, ಚಕ್‌ನಲ್ಲಿ ಒಂದು ಅಗಲದ ಬಿಲ್ಲೆ ಸಿಕ್ಕಿಸಿ ಒತ್ತಿದೆವು. ಮೊದಲ 10 ಮಿಮೀ ಲೆಕ್ಕಕ್ಕಿಲ್ಲ, ತುದಿಯ ಸುರುಳಿ ಕೂರುವುದರಲ್ಲೇ ಅದು ಹೋಗುತ್ತದೆ. ಅಲ್ಲಿಂದ ಮುಂದಿನ ಪ್ರತಿ 10 ಮಿಲಿಮೀಟರಿಗೆ 26.8 ಕೆಜಿ ಏರಬೇಕಿತ್ತು. ಒಂದರಲ್ಲಿ 28.4, ಇನ್ನೊಂದರಲ್ಲಿ 26.6. ಎರಡೂ ಒಂದೇ ಡಬ್ಬದಿಂದ ಬಂದದ್ದು! ಮುಂದಿನ ಚಕ್ರಗಳಿಗೆ ಬೇಕಾದದ್ದು ಎರಡು. ಆದರೂ ಇದ್ದ ಎಲ್ಲವನ್ನೂ ಒತ್ತಿ ನೋಡಿ, ಒಂದಕ್ಕೊಂದು ಹತ್ತಿರ ಇರುವ ಜೋಡಿ ಆರಿಸಿದೆವು. 28.4 ಬಂದದ್ದು ನಮ್ಮ 2.6 ಹರ್ಟ್ಸ್‌ಗೆ ಸರಿಯಾಗಿ ಕೂತಿತು. ಅದಕ್ಕೆ ಜೊತೆಯೂ ಸಿಕ್ಕಿತು.

ಸ್ಪ್ರಿಂಗ್ ಮಾತ್ರ ಇದ್ದರೆ 1.4 ಜಿಯಲ್ಲಿ ಕಾರು 2.7 ಡಿಗ್ರಿ ವಾಲುತ್ತದೆ. ನಾವು ಕ್ಯಾಂಬರ್ ಲೆಕ್ಕ ಹಾಕಿದ್ದು 1.5 ಕ್ಕೆ. ನಡುವಿನದ್ದನ್ನು ಆಂಟಿ-ರೋಲ್ ಬಾರ್ ನೋಡಿಕೊಳ್ಳಬೇಕು. ಮುಂದೆ ಹಿಂದೆ ಎರಡೂ ಕಡೆ ಹಾಕಿ, ಲಿವರ್‌ನಲ್ಲಿ ಮೂರು ತೂತು ಕೊಟ್ಟೆವು. ಆ 107 ಕೆಜಿಯ ಪಾಲು ತಿದ್ದುವುದು ಈ ತೂತುಗಳಲ್ಲಿ.

ವೆಲ್ಡಿಂಗ್

12 ಮಿಮೀ ದಪ್ಪದ ಕಬ್ಬಿಣದ ಪ್ಲೇಟಿನಲ್ಲಿ, ವೆಲ್ಡ್ ಮಾಡುವಾಗ ತುಂಡುಗಳನ್ನು ಹಿಡಿದಿಡುವ ಜಿಗ್. ಎಡಕ್ಕೂ ಬಲಕ್ಕೂ ಅದೇ. ತಪ್ಪು ಇದ್ದರೂ ಎರಡೂ ಕಡೆ ಒಂದೇ ತರ ಇರಲಿ ಅಂತ. 4130 ಸ್ಟೀಲ್ ಟ್ಯೂಬ್, ಟಿಗ್ ವೆಲ್ಡ್. ಬೇರಿಂಗ್ ಕೂರುವ ಕಪ್ ಶಾಖಕ್ಕೆ ಮೊಟ್ಟೆಯಾಕಾರ ಆಗದಿರಲು ಒಳಗೆ ಹಿತ್ತಾಳೆಯ ತುಂಡು ತುಂಬಿ ವೆಲ್ಡ್ ಮಾಡಿ, ಪೂರ್ತಿ ತಣಿದ ಮೇಲೆ ಲೇತ್‌ನಲ್ಲಿ ಕೊನೆಯ ಅಳತೆಗೆ ಕೊರೆಸಿದೆವು. ಬಿಸಿ ಇರುವಾಗಲೇ ಜಿಗ್‌ನಿಂದ ತೆಗೆದರೆ ವಿಶ್‌ಬೋನ್‌ನ ತುದಿ ಎದ್ದು ನಿಲ್ಲುತ್ತದೆ. ತಾಳ್ಮೆ ಇಲ್ಲದವರನ್ನು ಆ ಹೊತ್ತು ಚಾ ಕುಡಿಯಲು ಕಳಿಸುವುದು ಒಳ್ಳೆಯದು.

ವಿಶ್‌ಬೋನ್‌ನ ಹೊರತುದಿಗೆ ರಾಡ್ ಎಂಡ್ (ತಿರುಪಿನ ದಾರ ಇರುವ ದಂಡದ ತುದಿಯಲ್ಲಿ ಗುಂಡು ಬೇರಿಂಗ್) ಹಾಕಬೇಡಿ. ಅದರ ದಾರದ ಭಾಗ ಎಳೆತ ಒತ್ತಡಕ್ಕೆ ಇರುವಂಥದ್ದು, ಬಾಗುವ ಬಲಕ್ಕೆ ಅಲ್ಲ. ಬ್ರೇಕ್ ಹೊಡೆದಾಗ, ತಿರುಗಿದಾಗ ಅಲ್ಲಿ ಬಾಗುವ ಬಲವೇ ಬರುತ್ತದೆ. ಡಿಸೈನ್ ಜಡ್ಜ್‌ಗಳು ಮೊದಲು ಬಗ್ಗಿ ನೋಡುವುದೂ ಅಲ್ಲೇ. ಕಪ್‌ನಲ್ಲಿ ಸ್ಫೆರಿಕಲ್ ಬೇರಿಂಗ್ ಕೂರಿಸಿ, ಕ್ಯಾಂಬರ್ ತಿದ್ದಲು ಅಪ್‌ರೈಟ್ ಮತ್ತು ಮೇಲಿನ ಬ್ರಾಕೆಟ್ ನಡುವೆ ಶಿಮ್ (ತೆಳು ಲೋಹದ ಬಿಲ್ಲೆ) ಇಡಿ. ನಮ್ಮಲ್ಲಿ ಎರಡು ಬಾಲ್ ಜಾಯಿಂಟ್‌ಗಳ ನಡುವೆ 190 ಮಿಮೀ. ಒಂದು ಮಿಲಿಮೀಟರ್ ಶಿಮ್‌ಗೆ 0.3 ಡಿಗ್ರಿ. ಟ್ರ್ಯಾಕಿನ ಬದಿಯಲ್ಲಿ ಕ್ಯಾಲ್ಕುಲೇಟರ್ ಬೇಡ.

ವಿಶ್‌ಬೋನ್‌ನಿಂದ ರಾಕರ್‌ಗೆ ಬಲ ಒಯ್ಯುವ ಪುಶ್‌ರಾಡ್‌ನ ಗೆರೆ ಕೆಳಗಿನ ಬಾಲ್ ಜಾಯಿಂಟಿನ ಹತ್ತಿರ ಹಾಯಬೇಕು. ದೂರ ಹೋದಷ್ಟೂ ವಿಶ್‌ಬೋನ್ ಬಾಗುತ್ತದೆ.

ಒಳತುದಿಯ ರಾಡ್ ಎಂಡ್‌ಗಳನ್ನು ತರಿಸಿದೆವು. ಒಂದು ಕಟ್ಟಿನಲ್ಲಿ ಬಂದವು ಕೈಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಿಲಿಗಿಲಿ. ಅಂಗಡಿಯ ಹೆಸರು ಬೇಡ. ವಾಪಸ್ ಹೋದವು. ನಮ್ಮ ಊರಿನಲ್ಲಿ ಇನ್ನೂ ಒಂದು ಶತ್ರು ಉಂಟು. ಕೆಂಪುಕಲ್ಲಿನ ಹುಡಿ. ಬೇಸಿಗೆಯಲ್ಲಿ ಅದು ಗಾಳಿಯಲ್ಲಿ ಹಾರಿ ಬೇರಿಂಗ್ ಒಳಗೆ ಕೂರುತ್ತದೆ, ಮಳೆಗಾಲದಲ್ಲಿ ಕೆಸರಾಗಿ ಕೂರುತ್ತದೆ. ವರ್ಷಕ್ಕೆ 3000 ಮಿಮೀಗೂ ಜಾಸ್ತಿ ಮಳೆ ಬೀಳುವ ಊರು, ಪಕ್ಕದಲ್ಲಿ ಕಡಲು. ಬಣ್ಣ ಹೊಡೆಯದ ಸ್ಟೀಲ್ ಟ್ಯೂಬ್ ಬೆಳಗಾಗುವಷ್ಟರಲ್ಲಿ ಕಂದು. ಹಾಗಂತ ದಪ್ಪ ಪೌಡರ್ ಕೋಟಿಂಗ್ ಮಾಡಿಸಲಿಲ್ಲ. ವೆಲ್ಡ್ ಬಿರುಕು ಬಿಟ್ಟರೆ ಅದು ಮುಚ್ಚಿಡುತ್ತದೆ. ತೆಳ್ಳಗೆ ಪ್ರೈಮರ್, ಮೇಲೆ ಬಿಳಿ ಬಣ್ಣ. ಬಿಳಿಯ ಮೇಲೆ ಬಿರುಕು ಕಪ್ಪಗೆ ಕಾಣುತ್ತದೆ.

ಬಂಪ್ ಸ್ಟಿಯರ್

ಇಡೀ ಕೆಲಸದಲ್ಲಿ ನನಗೆ ಹೆಚ್ಚು ಇಷ್ಟ ಆದ ಭಾಗ ಇದು. ಸ್ಟಿಯರಿಂಗ್ ಅಲುಗಿಸದೆ, ಬರೀ ಚಕ್ರ ಮೇಲೆ ಕೆಳಗೆ ಹೋದಾಗ ಅದು ಎಡಬಲಕ್ಕೆ ತಿರುಗಿದರೆ ಬಂಪ್ ಸ್ಟಿಯರ್. ಡ್ರೈವರ್‌ಗೆ ಕಾರು ತನ್ನಿಷ್ಟಕ್ಕೆ ಹೋದ ಹಾಗೆ ಆಗುತ್ತದೆ.

ಸ್ಪ್ರಿಂಗ್ ಮತ್ತು ಡ್ಯಾಂಪರ್ ಬಿಚ್ಚಿದೆವು. ಸ್ಟಿಯರಿಂಗ್ ರ್ಯಾಕನ್ನು ನಡುವಿಗೆ ತಂದು ಕ್ಲ್ಯಾಂಪ್ ಹಾಕಿದೆವು. ಛಾಸಿಸ್ ಕೆಳಗೆ ಮರದ ದಿಮ್ಮಿ ಕೊಟ್ಟು, ಅದು ಒಂದು ಕೂದಲಷ್ಟೂ ಅಲುಗದಂತೆ ಮಾಡಿದೆವು. ಹಬ್‌ಗೆ ಚಕ್ರದ ಬದಲು ಒಂದು ಸಪಾಟು ಅಲ್ಯೂಮಿನಿಯಂ ಪ್ಲೇಟ್ ಬೋಲ್ಟ್ ಮಾಡಿದೆವು. ಅದಕ್ಕೆ ಎದುರಾಗಿ ಎರಡು ಡಯಲ್ ಗೇಜ್, ಒಂದು ಮುಂದೆ ಒಂದು ಹಿಂದೆ, ನಡುವೆ 300 ಮಿಮೀ. ಕೆಳಗಿನಿಂದ ಜ್ಯಾಕ್. 5 ಮಿಮೀಗೆ ಒಮ್ಮೆ ಎತ್ತಿ ಎರಡೂ ಗೇಜ್ ಓದುವುದು, ಬರೆಯುವುದು. ಮೇಲಕ್ಕೆ 25, ಕೆಳಕ್ಕೆ 25. ಒಬ್ಬ ಓದಬೇಕು, ಒಬ್ಬ ಬರೆಯಬೇಕು. ಇಬ್ಬರೂ ಮಾತಾಡಬಾರದು. ಈ ಕೊನೆಯದೇ ನಮ್ಮ ತಂಡಕ್ಕೆ ಕಷ್ಟ.

ಎರಡು ಗೇಜ್‌ಗಳೂ ಒಟ್ಟಿಗೆ ಓಡುತ್ತವೆ. ಚಕ್ರ ಮೇಲೇರುವಾಗ ಒಳಕ್ಕೂ ಹೋಗುತ್ತದಲ್ಲ, ಅದು ಸಹಜ. ನಮಗೆ ಬೇಕಾದದ್ದು ಎರಡರ ವ್ಯತ್ಯಾಸ ಮಾತ್ರ. 25 ಮಿಮೀ ಮೇಲೆ ಬಂದಾಗ ವ್ಯತ್ಯಾಸ 1.6 ಮಿಮೀ. 300 ರಿಂದ ಭಾಗಿಸಿದರೆ 0.31 ಡಿಗ್ರಿ ಟೋ ಔಟ್, ಅಂದರೆ ಚಕ್ರದ ಮುಂಭಾಗ ಹೊರಕ್ಕೆ. ಕೆಳಕ್ಕೆ ಹೋದಾಗ ಹೆಚ್ಚುಕಮ್ಮಿ ಅಷ್ಟೇ ಟೋ ಇನ್, ಅಂದರೆ ಒಳಕ್ಕೆ.

ಗ್ರಾಫ್ ಪೇಪರಿನಲ್ಲಿ ಗುರುತು ಹಾಕಿದಾಗ ಗೆರೆ ಓರೆಯಾಗಿತ್ತು, ಆದರೆ ನೇರ ಇತ್ತು. ಇಲ್ಲಿ ಓದುವವರು ಒಂದು ನಿಮಿಷ ನಿಲ್ಲಬೇಕು. ಗೆರೆ ನೇರವಾಗಿ ಓರೆ ಇದ್ದರೆ, ರ್ಯಾಕ್‌ನಿಂದ ಚಕ್ರಕ್ಕೆ ಹೋಗುವ ಟೈ ರಾಡ್‌ನ ಎತ್ತರ ತಪ್ಪು. ಗೆರೆ ಬಿಲ್ಲಿನಂತೆ ಬಾಗಿ, ಮೇಲಕ್ಕೆ ಹೋದಾಗಲೂ ಕೆಳಕ್ಕೆ ಹೋದಾಗಲೂ ಒಂದೇ ಕಡೆಗೆ ತಿರುಗಿದರೆ ಟೈ ರಾಡ್‌ನ ಉದ್ದ ತಪ್ಪು. ಉದ್ದ ತಪ್ಪಿದರೆ ರ್ಯಾಕ್‌ನ ಅಗಲವೇ ಬದಲಾಗಬೇಕು, ಅದು ದೊಡ್ಡ ಕೆಲಸ. ಎತ್ತರವಾದರೆ ಶಿಮ್‌ನಲ್ಲಿ ಮುಗಿಯುತ್ತದೆ.

ನಮ್ಮ ರ್ಯಾಕ್ ಆಕ್ಸಲ್‌ನ ಮುಂದೆ ಇದೆ. ಚಕ್ರ ಏರುವಾಗ ಟೋ ಔಟ್ ಆಗುತ್ತದೆ ಅಂದರೆ ಟೈ ರಾಡ್‌ನ ಹೊರತುದಿ ತಗ್ಗಿನಲ್ಲಿದೆ. ಟೈ ರಾಡ್ 380 ಮಿಮೀ, ಸ್ಟಿಯರಿಂಗ್ ಆರ್ಮ್ 65. ಲೆಕ್ಕದ ಪ್ರಕಾರ ಹೊರತುದಿಯನ್ನು 4 ಮಿಮೀ ಎತ್ತಿದರೆ 25 ಮಿಮೀ ಓಟದಲ್ಲಿ 0.23 ಡಿಗ್ರಿ ಇಳಿಯಬೇಕು. ರಾಡ್ ಎಂಡ್ ಎರಡು ಕಿವಿಗಳ ನಡುವೆ ಕೂತಿತ್ತು. ಮೇಲಿದ್ದ 4 ಮಿಮೀ ಶಿಮ್ ತೆಗೆದು ಕೆಳಗೆ ಹಾಕಿದೆವು. ಮತ್ತೆ ಜ್ಯಾಕ್, ಮತ್ತೆ ಓದುವುದು. ವ್ಯತ್ಯಾಸ 0.4 ಮಿಮೀ, ಅಂದರೆ 0.08 ಡಿಗ್ರಿ. ಲೆಕ್ಕ ಮತ್ತು ಗೇಜ್ ಇಷ್ಟು ಹತ್ತಿರ ಬಂದಾಗ ಆಗುವ ಖುಷಿಯೇ ಬೇರೆ. ವರ್ಕ್‌ಶಾಪಿನಲ್ಲಿ ಒಬ್ಬ ಮಾತ್ರ ಚಪ್ಪಾಳೆ ತಟ್ಟಿದ, ಉಳಿದವರಿಗೆ ಏನಾಯಿತು ಅಂತಲೇ ಗೊತ್ತಾಗಲಿಲ್ಲ.

ತಕ್ಕಡಿ

ನಾಲ್ಕು ಮೂಲೆಯ ತೂಕ ನೋಡುವ ರೇಸಿಂಗ್ ಸ್ಕೇಲ್‌ಗೆ ದೊಡ್ಡ ದುಡ್ಡು. ಅಡಿಕೆ ಅಂಗಡಿಗಳಲ್ಲಿ ಪ್ಲಾಟ್‌ಫಾರ್ಮ್ ತೂಕದ ಯಂತ್ರಕ್ಕೇನು ಬರವೇ? ಪರಿಚಯದ ಧಣಿಯೊಬ್ಬರು ಭಾನುವಾರ ಕೊಂಡೊಯ್ಯಿರಿ, ಸೋಮವಾರ ಬೆಳಿಗ್ಗೆ ಅಂಗಡಿಯಲ್ಲಿ ಇರಬೇಕು ಅಂದರು. ನಾಲ್ಕನ್ನೂ ಹೊತ್ತು ತಂದೆವು. ಅವುಗಳಲ್ಲಿ ಗೋಣಿಚೀಲದ ತೂಕ ತಾನಾಗಿ ಕಳೆಯುವಂತೆ ಟೇರ್ ಹಾಕಿಟ್ಟಿದ್ದರು. ಅದನ್ನು ತೆಗೆದು ಸೊನ್ನೆ ಮಾಡಿ, ನಾಲ್ಕರ ಮೇಲೂ ಒಬ್ಬನನ್ನೇ ನಿಲ್ಲಿಸಿ ಹೋಲಿಸಿದೆವು.

ನೆಲ ಸಮ ಇಲ್ಲ. ಮೇಸ್ತ್ರಿಗಳು ಬಳಸುವ ನೀರಿನ ಟ್ಯೂಬ್ ತಂದು ನಾಲ್ಕೂ ತಟ್ಟೆಗಳ ಎತ್ತರ ನೋಡಿ, ಕೆಳಗೆ ಟೈಲ್ ತುಂಡು ಕೊಟ್ಟೆವು. ಪ್ರತಿ ಟೈರಿನ ಅಡಿಯಲ್ಲಿ ಎರಡು ಟೈಲ್, ನಡುವೆ ಗ್ರೀಸ್. ಇಲ್ಲದಿದ್ದರೆ ಕಾರನ್ನು ಕೆಳಗಿಳಿಸಿದಾಗ ಟೈರ್ ಹೊರಗೆ ಜಾರಲು ಆಗದೆ ಸಸ್ಪೆನ್ಷನ್ ಸಿಕ್ಕಿಕೊಳ್ಳುತ್ತದೆ, ತೂಕ ಸುಳ್ಳು ಹೇಳುತ್ತದೆ.

ಮೊದಲ ಓದು: ಮುಂದೆ ಎಡ 73, ಬಲ 65. ಹಿಂದೆ ಎಡ 77, ಬಲ 85. ಎಡಬಲ ಒಟ್ಟು ಸಮ. ಆದರೆ ಓರೆ ಲೆಕ್ಕದಲ್ಲಿ, ಅಂದರೆ ಮುಂದಿನ ಎಡ ಮತ್ತು ಹಿಂದಿನ ಬಲ ಕೂಡಿದರೆ 158. ಶೇಕಡಾ 52.7. ಕಾಲು ಗಿಡ್ಡ ಇರುವ ಮೇಜಿನಂತೆ ಎರಡು ಮೂಲೆಗಳ ಮೇಲೆ ನಿಂತಿತ್ತು ಕಾರು. ಹೀಗಿದ್ದರೆ ಎಡಕ್ಕೊಂದು ತರ, ಬಲಕ್ಕೊಂದು ತರ ತಿರುಗುತ್ತದೆ. ಪುಶ್‌ರಾಡ್‌ನ ಒಂದು ತುದಿಯಲ್ಲಿ ಎಡದಾರ, ಇನ್ನೊಂದರಲ್ಲಿ ಬಲದಾರ ಇರುವುದರಿಂದ ಬಿಚ್ಚದೆಯೇ ತಿರುಗಿಸಿ ಉದ್ದ ಬದಲಾಯಿಸಬಹುದು. ಒಂದು ಮೂಲೆ ಮುಟ್ಟಿದರೆ ನಾಲ್ಕೂ ಸಂಖ್ಯೆ ಬದಲಾಗುತ್ತದೆ. ಸ್ವಲ್ಪ ಸ್ವಲ್ಪವೇ ಎಲ್ಲ ಮೂಲೆಗಳಿಗೂ ಹಂಚಿ 50.3 ಕ್ಕೆ ತಂದೆವು.

ಅದೇ ದಿನ ಭಾರಕೇಂದ್ರದ ಎತ್ತರವೂ ನೋಡಿದೆವು. ಡ್ಯಾಂಪರ್ ಜಾಗದಲ್ಲಿ ಗಟ್ಟಿ ಸರಳು ಹಾಕಿ, ಹಿಂದಿನ ಚಕ್ರಗಳನ್ನು 400 ಮಿಮೀ ಎತ್ತಿದರೆ ಮುಂದಿನ ತೂಕ ಎಷ್ಟು ಏರುತ್ತದೆ ಅಂತ ನೋಡುವುದು. ಏರಿದ್ದು 4.2 ಕೆಜಿ. ಲೆಕ್ಕದಲ್ಲಿ 306 ಮಿಮೀ. ಆದರೆ ಇಲ್ಲಿ ಅರ್ಧ ಕೆಜಿ ತಪ್ಪು ಓದಿದರೆ 10 ಮಿಮೀ ತಪ್ಪು ಬರುತ್ತದೆ. ಹಾಗಾಗಿ ಡ್ರೈವರ್ ಉಸಿರು ಬಿಗಿ ಹಿಡಿದು ಅಲ್ಲಾಡದೆ ಕೂರಬೇಕು. 339 ರ ಗೆರೆಗಿಂತ ಸಾಕಷ್ಟು ಕೆಳಗೆ ಇದ್ದೇವೆ, ಅಷ್ಟು ಸಾಕು.

ಟೋ ಅಳೆಯಲು ಎರಡು ಬದಿಗಳಲ್ಲಿ ಕಾರಿನ ನಡುಗೆರೆಗೆ ಸಮಾನಾಂತರವಾಗಿ ಮೀನಿನ ಗಾಳದ ತಂಗೂಸು ಕಟ್ಟಿದೆವು. ಮೇಸ್ತ್ರಿಗಳ ನೂಲು ದಪ್ಪ, ನಯವಿಲ್ಲ. ತಂಗೂಸು ಬಿಗಿದರೆ ಜೋಲುವುದಿಲ್ಲ. ರಿಮ್‌ನ ಮುಂದಿನ ಅಂಚಿನಿಂದ, ಹಿಂದಿನ ಅಂಚಿನಿಂದ ಸ್ಟೀಲ್ ಪಟ್ಟಿ ಹಿಡಿದು ಓದಿದರೆ ಅರ್ಧ ಮಿಮೀ ವ್ಯತ್ಯಾಸ ಅಂದರೆ 0.1 ಡಿಗ್ರಿ.

ಅಂಗಳದಲ್ಲಿ ಓಡಿಸಿದ್ದು, ಆಮೇಲೆ ಎಳೆದದ್ದು

ನಮ್ಮ ಜಿಲ್ಲೆಯಲ್ಲಿ ರೇಸ್ ಟ್ರ್ಯಾಕ್ ಇಲ್ಲ. ಆದರೆ ಮದುವೆ ಹಾಲ್‌ಗಳಿಗೆ ಕೊರತೆ ಇಲ್ಲ, ಅವುಗಳ ಪಾರ್ಕಿಂಗ್ ಅಂಗಳಗಳೋ ದೊಡ್ಡ ದೊಡ್ಡವು. ಆಟಿ ತಿಂಗಳಲ್ಲಿ ಮದುವೆ ಇಲ್ಲ, ಹಾಲ್ ಖಾಲಿ. ಕೇಳಿದರೆ ಕೊಡುತ್ತಾರೆ. ಆದರೆ ಆಟಿಯಲ್ಲಿ ಮಳೆ ಬಿಡುವುದಿಲ್ಲ. ಮಳೆ ಬಿಟ್ಟಾಗ ಮದುವೆ ಶುರು. ಹಾಗಾಗಿ ವಾರದ ನಡುವೆ, ಮುಹೂರ್ತ ಇಲ್ಲದ ದಿನ ಹುಡುಕಿ ಹೋಗುವುದು. ಇಂಟರ್‌ಲಾಕ್ ನೆಲದಲ್ಲಿ ಹಿಡಿತ ಕಮ್ಮಿ. ಹಾಗಿದ್ದರೂ ಕೆಲವು ಕೆಲಸ ಆಗುತ್ತದೆ. ಡ್ಯಾಂಪರ್ ದಂಡಕ್ಕೆ ಒಂದು ನೈಲಾನ್ ಟ್ಯಾಗ್ ಬಿಗಿದರೆ ಅದು ಎಲ್ಲಿಯವರೆಗೆ ಸರಿಯಿತು ಅಂತ ನೋಡಿ ಎಷ್ಟು ಕುಗ್ಗಿತು ಅಂತ ಹೇಳಬಹುದು. ಸ್ಲಾಲಂ (ಕೋನ್‌ಗಳ ನಡುವೆ ಹಾವಿನಂತೆ) ಓಡಿಸಿ ನಿಂತ ಕೂಡಲೇ ಮುಂದಿನ ಟೈರಿನ ಒಳ, ನಡು, ಹೊರ ಬಿಸಿ ನೋಡಿದೆವು. 61, 58, 55. ಒಳಗೆ ತುಸು ಜಾಸ್ತಿ. ನಿಜವಾದ ಡಾಂಬರಿನಲ್ಲಿ ಕಾರು ಇನ್ನೂ ವಾಲುತ್ತದೆ, ಆಗ ಇದು ಸಮ ಆಗುತ್ತದೆ ಅಂತ ಕ್ಯಾಂಬರ್ ಮುಟ್ಟಲಿಲ್ಲ.

ಡ್ರೈವರ್ ಹೇಳಿದ್ದು ಬೇರೆ. ತಿರುವಿನ ನಡುವೆ ಆಕ್ಸಿಲರೇಟರ್ ಒತ್ತಿದಾಗ ಹಿಂಭಾಗ ಒಂದು ಸಲ ಸಣ್ಣಗೆ ಹೆಜ್ಜೆ ಬದಲಿಸುತ್ತದೆ ಅಂತ. ಸ್ಪ್ರಿಂಗ್ ಬದಲಾಯಿಸೋಣ, ಬಾರ್ ಮೃದು ಮಾಡೋಣ ಅಂತ ಸಲಹೆಗಳ ಸುರಿಮಳೆ. ನಾವು ಮೊದಲು ಕಾರನ್ನು ಎಳೆದು ನೋಡಿದೆವು.

ಛಾಸಿಸ್ ಕಟ್ಟಿ ಹಾಕಿ, ಹಿಂದಿನ ಟೈರಿನ ಬುಡಕ್ಕೆ ಬೆಲ್ಟ್ ಸುತ್ತಿ, ಚೈನ್ ಬ್ಲಾಕಿನಲ್ಲಿ ಅಡ್ಡಕ್ಕೆ ಎಳೆಯುವುದು. ನಡುವೆ ತೂಗುವ ತಕ್ಕಡಿ. 100 ಕೆಜಿ ಬರುವವರೆಗೆ ಎಳೆದು, ರಿಮ್‌ನ ನಾಲ್ಕು ಕಡೆ ಡಯಲ್ ಓದಬೇಕು. ಮುಂದೆ ಇದೇ ಎಳೆತಕ್ಕೆ ಕ್ಯಾಂಬರ್ 0.25 ಡಿಗ್ರಿ ಬದಲಾಗಿತ್ತು. ಹಿಂದೆ ಕ್ಯಾಂಬರ್ 0.2. ಪರವಾಗಿಲ್ಲ. ಆದರೆ ಟೋ 0.4 ಡಿಗ್ರಿ ಹೋಯಿತು! ಬಂಪ್ ಸ್ಟಿಯರ್ 0.08 ಕ್ಕೆ ಇಳಿಸಿ ಬೀಗಿದವರಿಗೆ ಇದು ಐದು ಪಟ್ಟು.

ಎಲ್ಲಿ ಬಾಗುತ್ತಿದೆ ಅಂತ ಹುಡುಕಲು ಗೇಜನ್ನು ಒಂದೊಂದೇ ಜಾಗಕ್ಕೆ ಸರಿಸಿದೆವು. ಅಪ್‌ರೈಟ್ ಗಟ್ಟಿ. ಹಿಂದಿನ ಚಕ್ರದ ಟೋ ಹಿಡಿದಿಡುವ ಟೋ ಲಿಂಕ್ ಗಟ್ಟಿ. ಬೇರಿಂಗ್‌ನಲ್ಲಿ ಸಡಿಲ ಇಲ್ಲ. ಟೋ ಲಿಂಕ್‌ನ ಒಳಬ್ರಾಕೆಟ್ ವೆಲ್ಡ್ ಆಗಿರುವ ಛಾಸಿಸ್ ಟ್ಯೂಬ್‌ಗೆ ಬೆರಳು ಇಟ್ಟಾಗ, ಎಳೆತ ಬಿಡುವ ಕ್ಷಣದಲ್ಲಿ ಅದು ಕೈಗೇ ಗೊತ್ತಾಗುವಷ್ಟು ಅಲುಗಿತು. ಬ್ರಾಕೆಟ್ ಎರಡು ಜಾಯಿಂಟ್‌ಗಳ ನಡುಮಧ್ಯದಲ್ಲಿದೆ. ಚೈನ್‌ನಿಂದ ತಪ್ಪಿಸಲು ಅಲ್ಲಿಗೆ ಸರಿಸಿದ್ದು. ಟ್ಯೂಬ್ ನಡುವಿನಲ್ಲಿ ಎಳೆದರೆ ಬಾಗದೆ ಇನ್ನೇನು ಮಾಡುತ್ತದೆ?

ಈಗ ಟೋ ಲಿಂಕ್‌ನ ಒಳತುದಿಯನ್ನು ಟ್ಯೂಬ್‌ಗಳು ಕೂಡುವ ಜಾಯಿಂಟ್ ಹತ್ತಿರಕ್ಕೆ ತರುತ್ತಿದ್ದೇವೆ. ಅದಕ್ಕೆ ಲಿಂಕ್ 22 ಮಿಮೀ ಗಿಡ್ಡ ಆಗುತ್ತದೆ. ಹಾಗಾಗಿ ಹಿಂದಿನ ಬಂಪ್ ಸ್ಟಿಯರ್ ಗ್ರಾಫ್ ಮತ್ತೆ ಹಾಕಬೇಕು, ಈ ಸಲ ಗೆರೆ ಬಾಗುವ ಸಾಧ್ಯತೆ ಇದೆ. ಚೈನ್‌ಗೂ ಬ್ರಾಕೆಟ್‌ಗೂ ನಡುವೆ 9 ಮಿಮೀ ಉಳಿಯುತ್ತದೆ ಅಂತ ಕ್ಯಾಡ್ ಹೇಳುತ್ತದೆ. ಹೊಸ ಬ್ರಾಕೆಟ್ ಕುಂಬಳೆಯ ಲೇತ್ ಅಂಗಡಿಯಲ್ಲಿ ತಯಾರಾಗುತ್ತಿದೆ. ವೆಲ್ಡ್ ಆದ ಮೇಲೆ ಅದೇ 100 ಕೆಜಿ, ಅದೇ ಡಯಲ್. 0.15 ಡಿಗ್ರಿಗಿಂತ ಕೆಳಗೆ ಬಂದರೆ ಪ್ರೈಮರ್ ಹೊಡೆಯುತ್ತೇವೆ, ಇಲ್ಲದಿದ್ದರೆ ಮತ್ತೆ ಗ್ರೈಂಡರ್.